ಹೊರಚಿತ್ರವೂ ಒಳಚಿತ್ರವೂ

ಸಂಸ್ಕೃತ ಪಾಠಶಾಲೆಗಳಲ್ಲಿ ಬಾಲಕರಿಗೆ ಹೇಳಿಕೊಡುವ ಲೌಕಿಕ ನ್ಯಾಯಗಳಲ್ಲಿ ದೇಹಲೀದೀಪನ್ಯಾಯವೆಂಬುದೊಂದು. ಹೊಸ್ತಿಲ ಮೇಲಿಟ್ಟ ದೀಪವು ಮನೆಯ ಒಳಗನ್ನೂ ಹೊರಗನ್ನೂ ಏಕಕಾಲದಲ್ಲಿ ಬೆಳಗುವುದೆಂಬುದು ಅದರ ತಾತ್ಪರ್ಯ. ವಾಕ್ಯದ ನಡುವೆ ನಿಂತ ಒಂದು ಪದವು ಹಿಂದಕ್ಕೂ ಮುಂದಕ್ಕೂ ಅನ್ವಯಿಸುವಾಗ ಪಂಡಿತರು ಈ ದೀಪವನ್ನು ನೆನೆಯುವುದುಂಟು. ವ್ಯಾಕರಣಕ್ಕೆ ಈ ನ್ಯಾಯವು ಚೆನ್ನಾಗಿ ಒಪ್ಪುವುದು. ಆದರೆ ಕಟ್ಟಡದ ಚಿತ್ರವನ್ನು ಬರೆಯುವವನಿಗೆ ಅಂತಹ ದೀಪವು ದೊರೆಯುವುದಿಲ್ಲ. ಹೊರಗನ್ನು ತೋರಿಸುವ ಬೆಳಕು ಬೇರೆ, ಒಳಗನ್ನು ತೋರಿಸುವ ಬೆಳಕು ಬೇರೆ. ಹೊರಗೆ ನಿಂತು ನೋಡುವವನು ಬೇರೆ, ಒಳಗೆ ಕುಳಿತು ಬಾಳುವವನು ಬೇರೆ. ಒಂದೇ ಕೈಯು ಒಂದೇ ಮನೆಯನ್ನು ಎರಡು ಬಾರಿ ಚಿತ್ರಿಸಿದರೂ ಅವು ಎರಡು ವಿದ್ಯೆಗಳು. ಈ ಭೇದವನ್ನು ಅರಿಯದೆ ಮನೆ ಕಟ್ಟಿಸುವವರು ಹೊರಚಿತ್ರಕ್ಕೆ ಮರುಳಾಗಿ ಒಳಗಿನ ಕತ್ತಲೆಯನ್ನು ಕ್ರಯಕ್ಕೆ ಕೊಳ್ಳುವ ಸಂಭವವುಂಟು.

ಹಾಸನದ ಸೀಮೆಯ ಒಂದು ಪಟ್ಟಣದಲ್ಲಿ ಒಬ್ಬ ಗೃಹಸ್ಥರಿದ್ದಾರೆ. ಸರ್ಕಾರಿ ಕಛೇರಿಯಲ್ಲಿ ೩೦ ವರ್ಷಕ್ಕೂ ಮೇಲ್ಪಟ್ಟು ಗುಮಾಸ್ತೆಯ ಕೆಲಸ ಮಾಡಿ ನಿವೃತ್ತರಾದವರು. ಹಳ್ಳಿಯಲ್ಲಿದ್ದ ಪೂರ್ವಿಕರ ತೊಟ್ಟಿಯ ಮನೆಯು ಅಣ್ಣತಮ್ಮಂದಿರ ವಿಭಾಗದಲ್ಲಿ ಮಾರಾಟವಾಗಲು, ತಮ್ಮ ಪಾಲಿಗೆ ಬಂದ ಹಣವನ್ನೂ ನಿವೃತ್ತಿಯ ಇಡುಗಂಟನ್ನೂ ಸೇರಿಸಿ, ೩೦ ಅಡಿ ಅಗಲ ೪೦ ಅಡಿ ಉದ್ದದ ಸೈಟಿನಲ್ಲಿ ಸ್ವಂತ ಮನೆಯೊಂದನ್ನು ಕಟ್ಟಿಸಲು ನಿಶ್ಚಯಿಸಿದರು. ಅವರ ತಾಯಿಗೆ ವಯಸ್ಸು ೮೦ ಮೀರಿದೆ. ಸೊಸೆಯಾಗಿ ಕಾಲಿಟ್ಟ ದಿನದಿಂದ ೬೦ ವರ್ಷ ಆ ತೊಟ್ಟಿಯ ಮನೆಯಲ್ಲಿಯೇ ಬಾಳಿದ ಆಕೆಗೆ, ಬೆಳಕೆಂದರೆ ಮೇಲಿನಿಂದ ಇಳಿಯುವ ವಸ್ತು. ಈಗ ಆಕೆಗೆ ಉಳಿದಿರುವ ಸುಖವೊಂದೇ: ಬೆಳಗಿನ ಹೊತ್ತು ಬೆಳಕಿಗೆ ಕುಳಿತು, ಅಕ್ಷರದ ಮೇಲೆ ಬೆರಳಿಟ್ಟು, ಪುರಾಣದ ಪುಸ್ತಕದಿಂದ ನಾಲ್ಕು ಪುಟ ಓದುವುದು. ಕಣ್ಣಿನ ಪೊರೆಯನ್ನು ತೆಗೆಸಿದಂದಿನಿಂದ ವಿದ್ಯುದ್ದೀಪದ ಬೆಳಕು ಆಕೆಗೆ ಚುಚ್ಚಿದಂತಾಗುವುದು. ಓದಬೇಕಾದರೆ ಹಗಲಿನ ಬೆಳಕೇ ಆಗಬೇಕು. ಈ ಸಂಗತಿಯು ಮಗನಿಗೆ ತಿಳಿಯದುದಲ್ಲ. ಆದುದರಿಂದಲೇ ನಕ್ಷೆಯನ್ನು ಹಾಕಿಸುವಾಗ, “ಅಮ್ಮನ ಕೋಣೆ ಪೂರ್ವದ ಕಡೆಗೆ ಇರಲಿ” ಎಂದು ಮೊದಲೇ ಹೇಳಿದ್ದರು.

ಇಂಜಿನಿಯರರ ಕಛೇರಿಯಲ್ಲಿ ಗಣಕಯಂತ್ರದ ಮೇಲೆ ಚಿತ್ರಗಳನ್ನು ರಚಿಸುವ ಒಬ್ಬ ತರುಣಿಯಿದ್ದಳು. ಕೆಲವು ದಿನಗಳ ತರುವಾಯ ಆಕೆ ಎರಡು ಚಿತ್ರಗಳನ್ನು ತಂದುಕೊಟ್ಟಳು. ಊರಿನವರು ಎಲಿವೇಷನ್ ಎಂದು ಕರೆಯುವ ಹೊರಚಿತ್ರವೊಂದು. ತಾಯಿಯ ಕೋಣೆಯ ಒಳಚಿತ್ರವೊಂದು. ಹೊರಚಿತ್ರದಲ್ಲಿ ಉತ್ತರಾಭಿಮುಖವಾದ ಮನೆಯು ಎಳೆಬಿಸಿಲಿನಲ್ಲಿ ಮಿಂದು ನಿಂತಿದ್ದಿತು. ಮುಂದೆ ಎರಡು ಕಂಬಗಳು, ಗೋಡೆಗೆ ಕಲ್ಲಿನ ಹೊದಿಕೆ, ಪಕ್ಕದಲ್ಲಿ ಹೂಬಿಟ್ಟ ಮರ, ಹಿಂದೆ ನಿರ್ಮಲವಾದ ಆಕಾಶ. ಗೃಹಸ್ಥರು ಅದಕ್ಕೆ ಕಟ್ಟುಹಾಕಿಸಿ, ಬಾಡಿಗೆಮನೆಯ ಗೋಡೆಗೆ ತೂಗುಹಾಕಿದರು. ಬಂದ ನೆಂಟರೆಲ್ಲರೂ ಅದನ್ನು ನೋಡಿ, “ಅರಮನೆಯಾಯಿತಲ್ಲಾ!” ಎಂದರು. ಜೀವಮಾನವೆಲ್ಲ ಬಾಡಿಗೆಮನೆಯಲ್ಲಿ ಕಳೆದವನಿಗೆ ಆ ಮಾತು ಎಷ್ಟು ಸಿಹಿಯಾಗಿರಬಹುದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಒಳಚಿತ್ರವನ್ನು ನೋಡಲು ತಾಯಿಯನ್ನು ಕೂರಿಸಿದರು. ಆಕೆ ಕಾಗದವನ್ನು ಕಣ್ಣಿನ ಬಳಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಈ ಮಂಚದ ಮೇಲೆ ಬಿದ್ದಿರೋ ಬಿಸಿಲು ಎಲ್ಲಿಂದ ಬಂತು, ಮಗೂ?”

“ಪೂರ್ವದ ಕಿಟಕಿಯಿಂದ, ಅಜ್ಜಿ.”

“ಪೂರ್ವಕ್ಕೆ ಪಕ್ಕದವರ ಮನೆ ಇದೆಯಲ್ಲಮ್ಮಾ?”

ತರುಣಿಯು ಉತ್ತರ ಕೊಡಲಿಲ್ಲ. ಪೂರ್ವದಲ್ಲಿ ಮೂರು ಅಂತಸ್ತಿನ ಮನೆಯೊಂದು ಆಗಲೇ ಎದ್ದು ನಿಂತಿರುವುದು ಎಲ್ಲರೂ ಬಲ್ಲ ವಿಷಯವೇ. ಆದರೆ ಎರಡು ಚಿತ್ರಗಳಲ್ಲಿಯೂ ಆ ಮನೆ ಇರಲಿಲ್ಲ.

ಆಕೆಯು ಮೋಸಮಾಡಿದಳೆಂದು ಇದರಿಂದ ಭಾವಿಸಲಾಗದು. ಕಸುಬಿನಲ್ಲಿ ರೂಢಿಯಾಗಿರುವುದನ್ನು ಆಕೆ ಮಾಡಿದಳು, ಅಷ್ಟೆ. ಆ ರೂಢಿಯು ಎಲ್ಲಿ ತಪ್ಪುವುದೆಂಬುದನ್ನು ತಿಳಿಯಬೇಕಾದರೆ ಎರಡು ಚಿತ್ರಗಳ ಸ್ವಭಾವವನ್ನೂ ಬೇರೆ ಬೇರೆಯಾಗಿ ವಿಚಾರಿಸತಕ್ಕದ್ದು.

ಮೊದಲು ಹೊರಚಿತ್ರ. ಇದಕ್ಕೆ ಬೆಳಕು ಸಿದ್ಧವಾಗಿ ದೊರೆಯುವುದು. ಸೂರ್ಯನೊಬ್ಬನು, ಅವನ ಪರಿಚಾರಕನಂತೆ ಆಕಾಶವೊಂದು. ಈ ಎರಡರಿಂದಲೇ ಹೊರಚಿತ್ರದ ಬೆಳಕೆಲ್ಲವೂ ಬಹುಮಟ್ಟಿಗೆ ಮುಗಿಯಿತು. ಊರಿನ ಅಕ್ಷಾಂಶ, ವರ್ಷದ ದಿನ, ದಿನದ ಗಳಿಗೆ ಈ ಮೂರನ್ನು ಹೇಳಿದರೆ ಸೂರ್ಯನು ಎಲ್ಲಿರುವನೆಂಬುದನ್ನು ಪಂಚಾಂಗ ಬಲ್ಲವನೂ ಹೇಳಬಲ್ಲನು, ಗಣಕವೂ ಹೇಳಬಲ್ಲುದು. ಆದುದರಿಂದ ಹೊರಚಿತ್ರದಲ್ಲಿ ಮುಖ್ಯವಾದ ಪ್ರಶ್ನೆಗಳು ಎರಡೇ: ಚಿತ್ರಕಾರನು ಎಲ್ಲಿ ನಿಂತಿದ್ದಾನೆ? ಅವನ ಸೂರ್ಯನು ಎಲ್ಲಿದ್ದಾನೆ?

ಈ ಮೊದಲನೆಯ ಪ್ರಶ್ನೆಗೆ ಕಟ್ಟುನಿಟ್ಟಾದ ಉತ್ತರವನ್ನು ಕೊಟ್ಟವನೆಂದು ಇಟಲಿ ದೇಶದ ಫ್ಲಾರೆನ್ಸ್ ನಗರದ ಬ್ರುನೆಲ್ಲೆಸ್ಕಿಯು ಪ್ರಸಿದ್ಧನಾಗಿದ್ದಾನೆ. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಅವನು ಆ ನಗರದ ದೀಕ್ಷಾಮಂದಿರವನ್ನು, ಎದುರಿಗಿರುವ ದೊಡ್ಡ ಚರ್ಚಿನ ಬಾಗಿಲೊಳಗೆ ನಿಂತು ನೋಡಿದಂತೆ, ಒಂದು ಚಿಕ್ಕ ಹಲಗೆಯ ಮೇಲೆ ಚಿತ್ರಿಸಿದನು. ಹಲಗೆಯಲ್ಲಿ ಒಂದು ರಂಧ್ರವನ್ನು ಕೊರೆದು, ಹಿಂದಿನಿಂದ ಕಣ್ಣಿಟ್ಟು, ಎದುರಿಗೆ ಕನ್ನಡಿಯನ್ನು ಹಿಡಿದು ಪ್ರತಿಬಿಂಬದಲ್ಲಿ ಚಿತ್ರವನ್ನು ನೋಡುವಂತೆ ಏರ್ಪಡಿಸಿದನು. ನೋಡುವವನ ಕಣ್ಣು ಒಂದೇ ಸ್ಥಾನದಲ್ಲಿರಬೇಕೆಂಬುದು ಆ ರಂಧ್ರದ ನಿಯಮ. ಆಕಾಶವನ್ನು ಮಾತ್ರ ಅವನು ಬಣ್ಣದಿಂದ ಬರೆಯಲಿಲ್ಲ. ಆ ಭಾಗಕ್ಕೆ ಮೆರುಗಿಟ್ಟ ಬೆಳ್ಳಿಯನ್ನು ಹಚ್ಚಿದನು. ನಿಜವಾದ ಆಕಾಶವೂ, ಗಾಳಿಗೆ ಸಾಗುವ ನಿಜವಾದ ಮೋಡಗಳೂ ಅದರಲ್ಲಿ ಪ್ರತಿಫಲಿಸುತ್ತಿದ್ದುವೆಂದು ಅವನ ಚರಿತ್ರೆಯನ್ನು ಬರೆದ ಮಾನೆಟ್ಟಿಯು ಹೇಳುತ್ತಾನೆ. ನಿಂತ ಸ್ಥಳವು ಸತ್ಯ, ಆಕಾಶವೂ ಸತ್ಯ. ಹೊರಚಿತ್ರಕ್ಕೆ ಇದಕ್ಕಿಂತ ಉತ್ತಮವಾದ ಆದರ್ಶವು ಬೇಕಾಗಿಲ್ಲ.

ಗೃಹಸ್ಥರ ಹೊರಚಿತ್ರವನ್ನು ಈ ಆದರ್ಶದೊಡನೆ ಹೋಲಿಸಿದರೆ ಏನಾಗುವುದು? ಆ ಚಿತ್ರವನ್ನು ಬರೆದ ಕಣ್ಣು ಮನೆಯಿಂದ ಸುಮಾರು ೮೦ ಅಡಿ ದೂರದಲ್ಲಿ ನಿಂತಿದ್ದಿತು. ಆದರೆ ಬೀದಿಯ ಅಗಲವೇ ೩೦ ಅಡಿ. ಅದರಾಚೆಗೆ ಎದುರುಮನೆಯ ಕಾಂಪೌಂಡು. ಚಿತ್ರಕಾರ್ತಿಯು ಎದುರುಮನೆಯನ್ನು ತೆಗೆದುಹಾಕಿ ಅದರ ಅಡುಗೆಮನೆ ಇರುವಲ್ಲಿ ನಿಂತು ನೋಡಿದ್ದಳು! ಲೋಕದಲ್ಲಿ ಯಾರೂ ಎಂದಿಗೂ ಆ ಮನೆಯನ್ನು ಆ ರೀತಿಯಲ್ಲಿ ನೋಡಲಾರರು. ಸೂರ್ಯನ ವಿಷಯವೂ ಅಷ್ಟೆ. ಹಾಸನವಿರುವುದು ೧೩ ಅಂಶದ ಉತ್ತರ ಅಕ್ಷಾಂಶದಲ್ಲಿ. ಸೆಪ್ಟೆಂಬರ್ ತಿಂಗಳ ಸಮರಾತ್ರಿಯಿಂದ ಮಾರ್ಚ್ ತಿಂಗಳ ಸಮರಾತ್ರಿಯವರೆಗೆ ಸೂರ್ಯನು ಪೂರ್ವಬಿಂದುವಿಗೆ ದಕ್ಷಿಣದಲ್ಲಿ ಹುಟ್ಟಿ, ದಕ್ಷಿಣದಲ್ಲಿಯೇ ಸಾಗಿ, ದಕ್ಷಿಣದಲ್ಲಿಯೇ ಮುಳುಗುವನು. ಆ ಆರು ತಿಂಗಳು ಉತ್ತರದ ಗೋಡೆಗೆ ನೇರವಾದ ಬಿಸಿಲು ಒಂದು ಕಿರಣವೂ ತಾಕದು. ಗೃಹಪ್ರವೇಶಕ್ಕೆ ಅವರು ಇಟ್ಟುಕೊಂಡಿದ್ದುದು ಮಾಘಮಾಸದ ಮುಹೂರ್ತ. ಮಾಘದಲ್ಲಿ ಆ ಮನೆಯ ಮುಖವು ನೆರಳಿನಲ್ಲಿರತಕ್ಕದ್ದು. ಚಿತ್ರದಲ್ಲಿಯಾದರೋ ಅದು ಬಂಗಾರದಂತೆ ಹೊಳೆಯುತ್ತಿದ್ದಿತು.

ಆದರೂ ಹೊರಚಿತ್ರದ ಸುಳ್ಳಿನಿಂದ ದೊಡ್ಡ ಹಾನಿಯಿಲ್ಲವೆಂದೇ ಹೇಳಬಹುದು. ಬೀದಿಯಲ್ಲಿ ಹೋಗುವವನು ಮನೆಯ ಮುಖವನ್ನು ಎರಡು ನಿಮಿಷ ನೋಡಿ ಮುಂದೆ ಸಾಗುವನು. ಮುಖವು ಸ್ವಲ್ಪ ಕಪ್ಪಾಗಿ ಕಂಡರೆ ಅವನಿಗೂ ನಷ್ಟವಿಲ್ಲ, ಒಳಗಿರುವವರಿಗೂ ನಷ್ಟವಿಲ್ಲ. ಒಳಚಿತ್ರದ ಸುಳ್ಳು ಹಾಗಲ್ಲ. ಅದರ ಫಲವನ್ನು ಒಳಗಿರುವವರು ದಿನವೂ ಉಣ್ಣಬೇಕು.

ಒಳಚಿತ್ರದ ಮೊದಲನೆಯ ಕಷ್ಟವು ನಿಲ್ಲಲು ಎಡೆಯಿಲ್ಲದಿರುವುದು. ಹೊರಗೆ ಬೇಕಾದಷ್ಟು ಹಿಂದಕ್ಕೆ ಸರಿಯಬಹುದು. ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ಬೆನ್ನಿಗೆ ಗೋಡೆ ತಾಕುವುದು. ಆದುದರಿಂದ ಚಿತ್ರಕಾರರು ನೋಟವನ್ನು ಸಹಜಕ್ಕಿಂತ ಅಗಲ ಮಾಡಿಕೊಳ್ಳುತ್ತಾರೆ. ಇಲ್ಲವೆ ಹಿಂದಿನ ಗೋಡೆಯನ್ನೇ ತೆಗೆದು ಕೋಣೆಯ ಹೊರಗೆ ನಿಂತು ಒಳಗನ್ನು ನೋಡುತ್ತಾರೆ. ನೋಟವು ಅಗಲವಾದರೆ ಎದುರುಗೋಡೆ ದೂರ ಸರಿಯುವುದು. ಅಂಚಿನಲ್ಲಿರುವ ಕುರ್ಚಿ ಮಂಚಗಳು ಎಳೆದಂತೆ ಉದ್ದವಾಗುವುವು. ೧೦ ಅಡಿಯ ಕೋಣೆಯು ದರ್ಬಾರು ಹಜಾರದಂತೆ ಕಾಣುವುದು. ಇದೇನೂ ಗಣಕದ ಕಾಲದಲ್ಲಿ ಹುಟ್ಟಿದ ಉಪಾಯವಲ್ಲ. ಇಟಲಿಯ ಪನ್ನೀನಿಯು ಸುಮಾರು ೧೭೩೪ರಲ್ಲಿ ರೋಮಿನ ಪ್ಯಾಂಥಿಯಾನ್ ಮಂದಿರದ ಒಳಗನ್ನು ಚಿತ್ರಿಸಿದಾಗ, ಯಾವ ಒಂದು ಸ್ಥಾನದಲ್ಲಿ ನಿಂತರೂ ಒಟ್ಟಿಗೆ ಕಾಣಲಾರದಷ್ಟು ಭಾಗವನ್ನು ಒಂದೇ ಪಟದಲ್ಲಿ ತುಂಬಿದನು. ಆದರೆ ಪನ್ನೀನಿಯ ಪಟವನ್ನು ನೋಡಿ ಯಾರೂ ಪ್ಯಾಂಥಿಯಾನಿಗೆ ಸಂಸಾರ ಸಹಿತರಾಗಿ ಹೋಗಿ ನೆಲೆಸಲಿಲ್ಲ. ಆ ಭೇದವನ್ನು ಮರೆಯಬಾರದು.

ಎರಡನೆಯ ಕಷ್ಟವು ಬೆಳಕಿನದು. ಅದೇ ಪ್ಯಾಂಥಿಯಾನನ್ನು ನೋಡಿ. ಸುಮಾರು ೪೩ ಮೀಟರ್ ವ್ಯಾಸದ ಆ ಮಂದಿರಕ್ಕೆ ಕಿಟಕಿಗಳಿಲ್ಲ. ಬಾಗಿಲನ್ನು ಬಿಟ್ಟರೆ, ಗುಮ್ಮಟದ ನೆತ್ತಿಯಲ್ಲಿ ಸುಮಾರು ೯ ಮೀಟರ್ ಅಗಲದ ಒಂದು ತೆರಪು ಮಾತ್ರವೇ ಬೆಳಕಿನ ದಾರಿ. ಅದರ ಮೂಲಕ ಬಿದ್ದ ಬಿಸಿಲಿನ ವೃತ್ತವು ಗೋಡೆಯ ಮೇಲೆ ಗಡಿಯಾರದ ಮುಳ್ಳಿನಂತೆ ಮೆಲ್ಲನೆ ಸರಿಯುವುದು. ಆದರೆ ಮಂದಿರದ ಉಳಿದ ಭಾಗವು ಕತ್ತಲೆಯಲ್ಲಿರುವುದಿಲ್ಲ. ಬಿಸಿಲು ತಾಕಿದ ಗೋಡೆಯು ತಾನೇ ದೀಪವಾಗಿ ಎದುರಿನ ಗೋಡೆಯನ್ನು ಬೆಳಗುವುದು. ಆ ಗೋಡೆ ನೆಲವನ್ನು, ನೆಲವು ಛಾವಣಿಯನ್ನು. ಹೊರಗೆ ಬೆಳಕು ಬಹುತರವಾಗಿ ಒಂದೇ ಬಾರಿಗೆ ಬಂದು ಮುಟ್ಟುವುದು. ಒಳಗೆ ಅದು ಕೈಯಿಂದ ಕೈಗೆ ದಾಟುವ ಪ್ರಸಾದದಂತೆ, ಹಂಚಿಹೋಗುತ್ತ, ಕ್ಷೀಣಿಸುತ್ತ ಮೂಲೆಗೆ ಮುಟ್ಟುವುದು.

ಈ ಹಂಚಿಕೆಯನ್ನು ಲೆಕ್ಕಹಾಕುವುದು ಗಣಕಕ್ಕೂ ಬಹುಕಾಲ ಕಷ್ಟವಾಗಿಯೇ ಇದ್ದಿತು. ೧೯೮೪ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಇದಕ್ಕೆ ಒಂದು ಕ್ರಮವನ್ನು ಪ್ರಕಟಿಸಿದರು. ಅವರು ದೃಷ್ಟಾಂತಕ್ಕೆ ತೆಗೆದುಕೊಂಡುದು ಅರಮನೆಯನ್ನಲ್ಲ, ಒಂದು ಬರಿಯ ಪೆಟ್ಟಿಗೆಯನ್ನು. ಅದರ ಒಂದು ಪಕ್ಕ ಕೆಂಪು, ಇನ್ನೊಂದು ಪಕ್ಕ ನೀಲಿ, ಉಳಿದುವು ಬಿಳುಪು. ಬಿಳಿಯ ಗೋಡೆಯು ಕೆಂಪುಗೋಡೆಯ ಬಳಿ ಸ್ವಲ್ಪ ಕೆಂಪಗೂ ನೀಲಿಗೋಡೆಯ ಬಳಿ ಸ್ವಲ್ಪ ನೀಲಿಯಾಗಿಯೂ ಕಾಣಬೇಕು. ಏಕೆಂದರೆ ಗೋಡೆಯಿಂದ ಗೋಡೆಗೆ ನೆಗೆಯುವ ಬೆಳಕು ತಾನು ಮುಟ್ಟಿಬಂದ ಬಣ್ಣವನ್ನು ಜೊತೆಗೆ ತರುವುದು. ಕಾರ್ನೆಲ್ ಪೆಟ್ಟಿಗೆಯೆಂದು ಹೆಸರಾದ ಇದನ್ನು ನಿಜವಾಗಿಯೂ ಕಟ್ಟಿಸಿ ಗಣಕದ ಚಿತ್ರದೊಡನೆ ಹೋಲಿಸಿಯೂ ನೋಡಿದರು. ಕುಂಕುಮದ ಬಣ್ಣದ ರೇಷ್ಮೆಯ ಸೀರೆಯುಟ್ಟವಳ ಪಕ್ಕದಲ್ಲಿ ಕುಳಿತ ಮಗುವಿನ ಕೆನ್ನೆ ಕೆಂಪೇರಿದಂತೆ ಕಾಣುವುದನ್ನು ಬಲ್ಲ ನಮ್ಮ ಹೆಂಗಸರಿಗೆ ಇದು ಹೊಸತಲ್ಲ. ಆದರೆ ಯಂತ್ರಕ್ಕೆ ಅದನ್ನು ಕಲಿಸಲು ಅಷ್ಟು ವರ್ಷ ಹಿಡಿಯಿತು.

ಮೂರನೆಯದು ಕಣ್ಣಿನ ಸ್ವಭಾವ. ನಡುಹಗಲಿನ ನೇರ ಬಿಸಿಲಿನ ಪ್ರಮಾಣವು ಸುಮಾರು ಒಂದು ಲಕ್ಷ ಲಕ್ಸ್; ಓದುವುದಕ್ಕೆ ೩೦೦ರಿಂದ ೫೦೦ ಲಕ್ಸ್ ಇದ್ದರೆ ಸಾಕು. ಬಿಸಿಲಿನಿಂದ ಒಳಗೆ ಬಂದವನಿಗೆ ಮೊದಲು ಕತ್ತಲೆ ಕವಿಯುವುದು, ಕ್ರಮೇಣ ವಸ್ತುಗಳು ಮೂಡುವುವು. ಕಣ್ಣು ಹೀಗೆ ತನ್ನನ್ನು ಹೊಂದಿಸಿಕೊಳ್ಳುವುದು, ಕಾಗದವು ಹೊಂದಿಸಿಕೊಳ್ಳಲಾರದು. ಆದುದರಿಂದ ಒಳಚಿತ್ರವನ್ನು ಬರೆಯುವವನು, ಕಿಟಕಿಯಾಚೆಯ ಬೆಳಕನ್ನೂ ಮೂಲೆಯ ಮಬ್ಬನ್ನೂ ಒಂದೇ ಹಾಳೆಯಲ್ಲಿ ತೋರಿಸಬೇಕಾಗಿ, ನಡುವೆ ಎಲ್ಲಿಯೋ ರಾಜಿಮಾಡಿಕೊಳ್ಳಬೇಕು. ಆ ರಾಜಿಯ ನೆಪದಲ್ಲಿಯೇ ಸುಳ್ಳು ಒಳಹೊಗುವುದು. ಗಣಕದಲ್ಲಿ, ಕಣ್ಣಿಗೆ ಕಾಣದ ದೀಪಗಳನ್ನು ಛಾವಣಿಯ ಕೆಳಗೆ ಎಲ್ಲಿ ಬೇಕಾದರೂ ತೂಗುಹಾಕಬಹುದು. ದೀಪ ಕಾಣದು, ಬೆಳಕು ಮಾತ್ರ ಕಾಣುವುದು. ತಾಯಿಯ ಕೋಣೆಯ ಚಿತ್ರದಲ್ಲಿ ಅಂತಹ ದೀಪಗಳು ಮೂರಿದ್ದುವೆಂದು ತರುವಾಯ ತಿಳಿದುಬಂದಿತು.

ಈ ಭೇದವನ್ನು ಪ್ರತ್ಯಕ್ಷವಾಗಿ ಕಾಣಬೇಕಾದರೆ ಹಾಸನದ ಸೀಮೆಯವರು ಫ್ಲಾರೆನ್ಸಿಗಾಗಲಿ ರೋಮಿಗಾಗಲಿ ಹೋಗಬೇಕಾದುದಿಲ್ಲ. ಬೇಲೂರಿಗೆ ಹೋದರೆ ಸಾಕು. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ದೇವಾಲಯದಲ್ಲಿ ೪೨ ಮದನಿಕೆಯರ ವಿಗ್ರಹಗಳಿವೆ. ಅವುಗಳಲ್ಲಿ ೩೮ ಹೊರಗೆ, ಸೂರಿನ ಕೆಳಗೆ. ಉಳಿದ ನಾಲ್ಕು ನವರಂಗದೊಳಗೆ, ನಡುವಣ ಕಂಬಗಳ ಮೇಲೆ. ಕಲ್ಲಿನ ಜಾತಿ ಒಂದೇ, ಕೈಚಳಕವೂ ಒಂದೇ. ಆದರೆ ಹೊರಗಿನವುಗಳ ಭಾವಚಿತ್ರವನ್ನು ತೆಗೆಯುವವನು ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಕಾದಿರುತ್ತಾನೆ. ಸೂರ್ಯನು ನೆತ್ತಿಗೆ ಬಂದರೆ ಸೂರಿನ ನೆರಳು ಇಳಿದು ಅವರ ಮುಖವನ್ನು ಮುಚ್ಚುವುದು. ಒಳಗಿನ ನಾಲ್ವರಿಗೆ ಬಿಸಿಲಿನ ಹಂಗೇ ಇಲ್ಲ. ಯಾರಾದರೂ ದೀಪ ಹಿಡಿದು ತೋರಿಸಬೇಕು. ಹೊರಗಿನವರು ಗಳಿಗೆಗೆ ತಕ್ಕಂತೆ ಬದಲಾಗುವರು. ಒಳಗಿನವರು ದೀಪ ಹಿಡಿದವನ ಕೈಗೆ ತಕ್ಕಂತೆ ಬದಲಾಗುವರು.

ಬೇಲೂರು ಕಲಿಸುವ ಪಾಠವು ಇನ್ನೂ ಒಂದುಂಟು. ಈಗ ನವರಂಗವನ್ನು ಸುತ್ತುವರಿದಿರುವ ಜಾಲಂಧ್ರಗಳು ಮೊದಲಿನಿಂದ ಇದ್ದುವಲ್ಲ. ಮೊದಲು ಮಂಟಪವು ತೆರೆದಿದ್ದಿತೆಂದೂ, ಎರಡನೆಯ ವೀರಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಈ ಕಲ್ಲಿನ ಜಾಲರಿಗಳನ್ನು ನಿಲ್ಲಿಸಿದರೆಂದೂ ಇತಿಹಾಸಜ್ಞರು ಹೇಳುತ್ತಾರೆ. ಹೊರಗೆ ನಿಂತು ನೋಡುವವನಿಗೆ ಇದರಿಂದ ಶೋಭೆಯು ಹೆಚ್ಚಿತು. ಒಳಗೆ ನಿಂತವನಿಗಾದರೋ ಬೆಳಕೇ ಬೇರೆಯಾಯಿತು. ಕಂಬಗಳು ಅವೇ, ಭುವನೇಶ್ವರಿ ಅದೇ, ನೆಲವೂ ಅದೇ. ಆದರೂ ೧೧೧೭ರ ಒಳಚಿತ್ರವು ಒಂದು, ಜಾಲಂಧ್ರಗಳು ಬಂದ ಮೇಲಿನ ಒಳಚಿತ್ರವು ಮತ್ತೊಂದು. ಅಂಚಿನಲ್ಲಿ ಒಂದು ಗೋಡೆ ನಿಂತರೆ ಹೊರಗಿನ ರೂಪವು ಸ್ವಲ್ಪ ಮಾರ್ಪಡುವುದು, ಒಳಗು ಸಂಪೂರ್ಣವಾಗಿ ಮಾರ್ಪಡುವುದು. ಆ ಗೋಡೆ ನಮ್ಮದೇ ಆಗಿರಬೇಕೆಂಬ ನಿಯಮವಿಲ್ಲ, ನೆರೆಯವರದಾದರೂ ಸರಿಯೆ.

ಗೃಹಸ್ಥರ ತಾಯಿಗೆ ಈ ಶಾಸ್ತ್ರವೊಂದೂ ತಿಳಿಯದು. ಆದರೆ ತಾರುಣ್ಯದಲ್ಲಿ ಬೇಲೂರಿನ ರಥೋತ್ಸವಕ್ಕೆ ಹೋದುದು ಆಕೆಗೆ ನೆನಪಿದೆ. “ಒಳಗೆ ಹೋದ ತಕ್ಷಣ ಏನೂ ಕಾಣೋದಿಲ್ಲ. ಕಣ್ಣು ಮುಚ್ಚಿ ಕೇಶವಾ ಅಂತ ಹತ್ತು ಸಲ ಅಂದು ಕಣ್ಣು ಬಿಟ್ಟರೆ ಕಾಣುತ್ತೆ,” ಎಂದು ಆಕೆ ಆ ತರುಣಿಗೆ ಹೇಳಿದಳು. “ದೇವರಿಗೆ ಕತ್ತಲೆ ಚೆಂದ, ಮಗೂ. ನಂದಾದೀಪ ಹಚ್ಚೋರು ಇರ್ತಾರೆ. ನನಗೆ ಓದಬೇಕು.”

ಆ ಹುಡುಗಿಯು ಮಾತಾಡದೆ ಹೊರಟುಹೋದಳು. ನಾಲ್ಕು ದಿನ ಕಳೆದ ಮೇಲೆ ಬಂದು, ಯಾರೂ ಕೇಳದಿದ್ದ ಮೂರನೆಯ ಚಿತ್ರವೊಂದನ್ನು ಮೇಜಿನ ಮೇಲಿಟ್ಟಳು. ಅದೇ ಕೋಣೆ. ಆದರೆ ಪೂರ್ವಕ್ಕೆ ೩೦ ಅಡಿ ಎತ್ತರದ ನೆರೆಮನೆಯ ಗೋಡೆಯನ್ನು ಇದ್ದ ಸ್ಥಳದಲ್ಲಿ ನಿಲ್ಲಿಸಿದ್ದಳು, ಗುಪ್ತದೀಪಗಳನ್ನು ಆರಿಸಿದ್ದಳು, ಮಾಘಮಾಸದ ಒಂದು ದಿನ, ಬೆಳಗಿನ ಎಂಟು ಗಂಟೆಯೆಂದು ಗೊತ್ತುಮಾಡಿದ್ದಳು, ನೋಟವನ್ನು ಅಗಲಮಾಡದೆ, ಮಂಚದ ಮೇಲೆ ಕುಳಿತ ವೃದ್ಧೆಯ ಕಣ್ಣಿನ ಎತ್ತರಕ್ಕೆ ಇಳಿಸಿದ್ದಳು. ಚಿತ್ರದಲ್ಲಿ ಕಿಟಕಿಯ ಅಂಚು ಮಾತ್ರ ಬೂದುಬಣ್ಣದಲ್ಲಿ ತೋರುತ್ತಿದ್ದಿತು. ಉಳಿದುದೆಲ್ಲವೂ ಗರ್ಭಗುಡಿ.

ಗೃಹಸ್ಥರಿಗೆ ಮೊದಲು ಸಿಟ್ಟು ಬಂದಿತು. “ಇಂಥಾ ಚಿತ್ರವನ್ನು ಯಾರಮ್ಮಾ ನೋಡುತ್ತಾರೆ?” ಎಂದರು.

“ಅಜ್ಜಿ ದಿನಾ ನೋಡಬೇಕಾಗುತ್ತೆ, ಸಾರ್,” ಎಂದಳು ಹುಡುಗಿ.

ಆ ಮಾತಿಗೆ ಅವರು ಸುಮ್ಮನಾದರು. ಲೆಕ್ಕವು ಕಠಿಣವಾದುದೇನೂ ಅಲ್ಲ. ಎರಡು ಮನೆಗಳ ಗೋಡೆಗಳ ನಡುವೆ ಉಳಿಯುವುದು ಐದು ಅಡಿ. ಐದು ಅಡಿ ದೂರದಲ್ಲಿ ೩೦ ಅಡಿಯ ಗೋಡೆಯಿದ್ದರೆ, ಸೂರ್ಯನು ನೆತ್ತಿಯ ಸಮೀಪಕ್ಕೆ ಬರುವವರೆಗೂ ಆ ಸಂದಿಗೆ ಬಿಸಿಲು ಇಳಿಯದು. ನೆತ್ತಿಯ ಬಿಸಿಲು ನೆಲಕ್ಕೆ ಬೀಳುವುದೇ ಹೊರತು ಕಿಟಕಿಯೊಳಗೆ ಬಾರದು. ಮೂವತ್ತು ವರ್ಷ ಕಛೇರಿಯಲ್ಲಿ ಇತರರ ಲೆಕ್ಕಗಳನ್ನು ತಾಳೆನೋಡಿದ ಮನುಷ್ಯನು ಇದೊಂದನ್ನು ತಾಳೆನೋಡಿರಲಿಲ್ಲ. ಪೂರ್ವದಿಕ್ಕೆಂದರೆ ಬೆಳಕೆಂದು ನಂಬಿದ್ದರು. ಮೇಲಾಗಿ ಚಿತ್ರವೂ ಹಾಗೆಯೇ ಹೇಳಿದ್ದಿತು. ಆ ದಿನ ರಾತ್ರಿ ಅವರು ಗೋಡೆಯ ಮೇಲಿದ್ದ ಹೊರಚಿತ್ರದ ಮುಂದೆ ಬಹಳ ಹೊತ್ತು ಕುಳಿತಿದ್ದರೆಂದು ಮನೆಯವರು ಹೇಳುತ್ತಾರೆ.

ಚಿತ್ರವಿದ್ಯೆಗೆ ಆರು ಅಂಗಗಳುಂಟೆಂದು ಕಾಮಸೂತ್ರದ ವ್ಯಾಖ್ಯಾನಕಾರನಾದ ಯಶೋಧರನು ಹೇಳಿದ್ದಾನೆ. ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ ಎಂಬುವೇ ಆ ಆರು. ಮಾರಾಟಕ್ಕಾಗಿ ಬರೆದ ಚಿತ್ರಗಳಲ್ಲಿ ಲಾವಣ್ಯಯೋಜನೆಯು ಯಥೇಚ್ಛವಾಗಿರುವುದು. ಪ್ರಮಾಣವೂ ಸಾದೃಶ್ಯವೂ ಆ ಲಾವಣ್ಯಕ್ಕೆ ಬಲಿಯಾಗುವುವು. ಹುಡುಗಿಯ ಮೂರನೆಯ ಚಿತ್ರದಲ್ಲಿ ಲಾವಣ್ಯವು ಎಳ್ಳಷ್ಟೂ ಇರಲಿಲ್ಲ. ಪ್ರಮಾಣವಿದ್ದಿತು, ಸಾದೃಶ್ಯವಿದ್ದಿತು. ಮೂರು ಚಿತ್ರಗಳಲ್ಲಿ ಕೆಲಸಕ್ಕೆ ಬಂದುದು ಅದೊಂದೇ.

ಪಾಯ ಆಗಲೇ ತೋಡಿಯಾಗಿದ್ದಿತು, ಗೋಡೆ ಎದ್ದಿರಲಿಲ್ಲ. ಇಂಜಿನಿಯರರೂ ಮೇಸ್ತ್ರಿಯೂ ಕುಳಿತು ವಿಚಾರಮಾಡಿದರು. ಮನೆಯ ನಡುವೆ ಆರು ಅಡಿ ಚೌಕದ ತೆರಪೊಂದನ್ನು ಬಿಟ್ಟು, ಅದರ ಗೋಡೆಗಳಿಗೆ ಸುಣ್ಣ ಬಳಿಸಿ, ಮೇಲೆ ಗಾಜು ಹೊದಿಸುವುದೆಂದೂ, ತಾಯಿಯ ಕೋಣೆಯ ಅಗಲವಾದ ಕಿಟಕಿಯನ್ನು ಪೂರ್ವಕ್ಕೆ ಬದಲಾಗಿ ಆ ಬೆಳಕಿಂಡಿಯ ಕಡೆಗೆ ತೆರೆಯುವುದೆಂದೂ ಗೊತ್ತಾಯಿತು. ಇದಕ್ಕೆ ಹಣವೆಲ್ಲಿ? ಮುಂಭಾಗದ ಎರಡು ಕಂಬಗಳು ಯಾವ ಭಾರವನ್ನೂ ಹೊರತಕ್ಕವಾಗಿರಲಿಲ್ಲ. ಕಲ್ಲಿನ ಹೊದಿಕೆಯು ಗೋಡೆಗೆ ಬಲವನ್ನು ಕೊಡತಕ್ಕದ್ದಾಗಿರಲಿಲ್ಲ. ಎರಡನ್ನೂ ಕೈಬಿಟ್ಟರು. ನಡುಮನೆಯೂ ಸ್ವಲ್ಪ ಕಿರಿದಾಯಿತು. ಕಟ್ಟುಹಾಕಿಸಿದ್ದ ಹೊರಚಿತ್ರವನ್ನು ಗೃಹಸ್ಥರೇ ಗೋಡೆಯಿಂದ ಇಳಿಸಿ ಅಟ್ಟಕ್ಕೆ ಹಾಕಿದರು. ಆ ಕಾರ್ಯವು ಸುಲಭವಾಗಿದ್ದಿತೆಂದು ಹೇಳಲಾಗದು.

ಹುಡುಗಿಯು ಬೆಳಕಿಂಡಿಯನ್ನು ಸೇರಿಸಿ ನಾಲ್ಕನೆಯ ಚಿತ್ರವನ್ನು ಬರೆದಾಗ ಮತ್ತೊಂದು ಸಂಗತಿಯು ಹೊರಬಿದ್ದಿತು. ನೆರೆಮನೆಯು ತಾರಸಿಗಿಂತಲೂ ಎತ್ತರವಾಗಿರುವುದರಿಂದ ಬೆಳಗಿನ ಎಂಟು ಗಂಟೆಗೆ ಬೆಳಕಿಂಡಿಗೂ ಬಿಸಿಲು ಇಲ್ಲ. ಹತ್ತರ ಹೊತ್ತಿಗೆ ಸೂರ್ಯನು ಆ ಗೋಡೆಯನ್ನು ದಾಟುವನು. ಆಗಲೂ ಬಿಸಿಲು ಕೋಣೆಯೊಳಗೆ ನೇರವಾಗಿ ಬೀಳದೆ, ಸುಣ್ಣದ ಗೋಡೆಗೆ ತಾಕಿ, ಅಲ್ಲಿಂದ ತಂಪಾಗಿ ಒಳಕ್ಕೆ ಸೂಸುವುದು. ಇದನ್ನು ಹುಡುಗಿಯು ಮರೆಮಾಚದೆ ತಿಳಿಸಿದಳು. ತಾಯಿಯು ಚಿತ್ರವನ್ನು ಕಣ್ಣಿನ ಬಳಿ ಹಿಡಿದು ನೋಡಿ, “ಹತ್ತು ಗಂಟೆಗೆ ಓದಿದರೆ ಪುರಾಣವೇನೂ ಮುನಿಯೋದಿಲ್ಲ,” ಎಂದಳು.

ಮನೆ ಕಟ್ಟಿಸುವವರು ಈ ವೃತ್ತಾಂತದಿಂದ ತಿಳಿಯತಕ್ಕ ಅಂಶಗಳು ಕೆಲವುಂಟು. ಹೊರಚಿತ್ರವನ್ನು ಕೊಟ್ಟವರನ್ನು, ಈ ನೋಟಕ್ಕೆ ನಿಂತ ಸ್ಥಳ ಯಾವುದು, ಅಲ್ಲಿ ನಿಲ್ಲಲು ಸಾಧ್ಯವೇ, ಇದು ಯಾವ ತಿಂಗಳ ಯಾವ ಹೊತ್ತಿನ ಬಿಸಿಲು, ಅಕ್ಕಪಕ್ಕದ ಮನೆಗಳೆಲ್ಲಿ ಎಂದು ಕೇಳಬೇಕು. ಒಳಚಿತ್ರವನ್ನು ಕೊಟ್ಟವರನ್ನು, ಬೆಳಕು ಬಂದುದು ಯಾವ ತೆರಪಿನಿಂದ, ಗುಪ್ತದೀಪಗಳೆಷ್ಟು, ನೋಟವನ್ನು ಅಗಲಮಾಡಿದೆಯೇ, ಈ ಮಂಚದ ಉದ್ದವೆಷ್ಟು ಎಂದು ಕೇಳಬೇಕು. ಬಾಗಿಲು, ಕುರ್ಚಿ, ಮಂಚ ಇವುಗಳ ಅಳತೆಯನ್ನು ಎಲ್ಲರೂ ಬಲ್ಲರಾದುದರಿಂದ, ಕೋಣೆಯು ದೊಡ್ಡದಾಗಿ ತೋರಿದರೆ ಅವುಗಳಿಂದಲೇ ಅಳೆದು ನೋಡಬೇಕು. ದೀಪಗ್ರಾಹಿಗಳನ್ನೆಲ್ಲ ಆರಿಸಿ, ನೆರೆಮನೆಗಳನ್ನು ನಿಲ್ಲಿಸಿ, ಅಲ್ಲಿ ಹೆಚ್ಚು ಹೊತ್ತು ಇರತಕ್ಕವರ ಕಣ್ಣಿನಿಂದ ಇನ್ನೊಂದು ಚಿತ್ರವನ್ನು ಬರೆಸಬೇಕು. ಅದು ಕಟ್ಟುಹಾಕಿಸಿ ತೂಗುಹಾಕಲು ಯೋಗ್ಯವಾಗಿರದು. ಆದರೆ ಅದನ್ನು ನೋಡಿದ ಮೇಲೆಯೇ ಮೇಸ್ತ್ರಿಗೆ ಗೋಡೆ ಏರಿಸಲು ಹೇಳತಕ್ಕದ್ದು.

ಮಾಘಮಾಸದಲ್ಲಿ ಗೃಹಪ್ರವೇಶವು ನೆರವೇರಿತು. ಮನೆಯ ಮುಖವು ಲೆಕ್ಕದಂತೆಯೇ ನೆರಳಿನಲ್ಲಿದ್ದಿತು. ಮೊದಲಿನ ಚಿತ್ರವನ್ನು ನೋಡಿದ್ದ ನೆಂಟರೊಬ್ಬರು, “ಚಿತ್ರದಲ್ಲಿ ಇದ್ದ ಹಾಗೆ ಆಗಲಿಲ್ಲವಲ್ಲ,” ಎಂದರು. ಗೃಹಸ್ಥರು, “ಇಲ್ಲ, ಆಗಲಿಲ್ಲ,” ಎಂದು ಒಪ್ಪಿಕೊಂಡು ಅವರನ್ನು ಊಟಕ್ಕೆ ಎಬ್ಬಿಸಿದರು. ಮರುದಿನ ನೆಂಟರೆಲ್ಲರೂ ಹೊರಟ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ತಾಯಿಯು ಕಿಟಕಿಯ ಬಳಿಗೆ ಮಣೆ ಹಾಕಿಸಿಕೊಂಡು, ಪುಸ್ತಕವನ್ನು ಬಿಚ್ಚಿ, ನಿಲ್ಲಿಸಿದ್ದ ಅಧ್ಯಾಯದ ಮೇಲೆ ಬೆರಳಿಟ್ಟಳು. ಮಗನು ಬಾಗಿಲಲ್ಲಿ ನಿಂತು, ಕಾಣುತ್ತದೆಯೇ ಎಂದು ಕೇಳಿದನು. ಆಕೆ ತಲೆಯೆತ್ತದೆಯೇ ಓದತೊಡಗಿದಳು.